ಮಾಂತ್ರಿಕನ ಬಾಲ್ಯದ ಮೇಲೆ ಓದುಗರ ತಕರಾರು

ರೈಸ್ಟ್ಲಿನ್ ಮೆಜೇರ್ ಎಂಬ ಮಾಂತ್ರಿಕನ ಕಥೆ ಕೊನೆ ಮುಟ್ಟಿದ್ದು 1986ರಲ್ಲಿ. ಅವನು ಹುಟ್ಟಿದ ಕಥೆ ಪುಸ್ತಕವಾಗಿ ಬಂದದ್ದು 1998ರಲ್ಲಿ. ನಡುವಿನ ಹನ್ನೆರಡು ವರ್ಷ ಅವನ ಬಾಲ್ಯವನ್ನು ಓದುಗರೇ ತಮ್ಮ ತಮ್ಮ ಮನಸ್ಸಿನಲ್ಲಿ ಬರೆದುಕೊಂಡಿದ್ದರು. ಅಮೆರಿಕದ ಲೇಖಕಿ ಮಾರ್ಗರೆಟ್ ವೈಸ್ ಅವರ ‘ದಿ ಸೋಲ್‌ಫೋರ್ಜ್’ ಕಾದಂಬರಿಯ ಸುತ್ತ ಇವತ್ತಿಗೂ ತಣ್ಣಗಾಗದ ವಾದಕ್ಕೆ ಬೇರು ಇರುವುದು ಅಲ್ಲಿ. ಲೇಖಕಿ ಬರೆದದ್ದು ಒಂದು ಬಾಲ್ಯ. ಓದುಗರ ತಲೆಯಲ್ಲಿ ಅಷ್ಟರಲ್ಲಾಗಲೇ ಸಾವಿರಾರು ಬಾಲ್ಯಗಳಿದ್ದವು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಲೇಬೇಕು. ಹೇಳಿದರೆ ಗುಟ್ಟು ರಟ್ಟಾಗುತ್ತದೆ, ಬೇರೆ ದಾರಿಯಿಲ್ಲ. ಪುಸ್ತಕಗಳನ್ನು ಹೊಸದಾಗಿಯೇ ಓದಬೇಕೆಂದಿರುವವರು ನೇರ ಕೊನೆಯ ಪ್ಯಾರಾಕ್ಕೆ ಹೋಗಬಹುದು.

ಕ್ರಿನ್ ಎಂಬ ಕಲ್ಪಿತ ಲೋಕ. ಅದರಲ್ಲಿ ಸಾಲೆಸ್ ಎಂಬ ಊರು. ಮನೆಗಳೆಲ್ಲ ದೈತ್ಯ ಮರಗಳ ಕೊಂಬೆಗಳ ಮೇಲೆ, ಮನೆಯಿಂದ ಮನೆಗೆ ತೂಗುಸೇತುವೆ. ಅಲ್ಲಿ ಮರ ಕಡಿದು ಸಂಸಾರ ತೂಗಿಸುವ ಗಿಲಾನ್, ಆಗಾಗ ಮೈಮರೆತು ಇಲ್ಲದ್ದನ್ನು ಕಾಣುವ ಅವನ ಹೆಂಡತಿ ರೋಸಮನ್. ಅವರಿಗೆ ಅವಳಿ ಗಂಡುಮಕ್ಕಳು. ಮೊದಲು ಹುಟ್ಟಿದ ಕ್ಯಾರಮನ್ ದಷ್ಟಪುಷ್ಟ ಕೂಸು. ಅವನ ಬೆನ್ನಿಗೇ ಬಂದ ರೈಸ್ಟ್ಲಿನ್ ಬದುಕುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಆ ಕೂಸನ್ನು ಉಳಿಸಿಕೊಂಡದ್ದು ತಾಯಿಯ ಮೊದಲ ಮದುವೆಯ ಮಗಳು, ಇನ್ನೂ ಪುಟ್ಟ ಹುಡುಗಿಯಾಗಿದ್ದ ಕಿಟಿಯಾರಾ. ಅಣ್ಣ ಹೋರಿಯಂತೆ ಬೆಳೆದ. ತಮ್ಮ ವರ್ಷವಿಡೀ ಒಂದಲ್ಲ ಒಂದು ಕಾಯಿಲೆಯಲ್ಲಿ ನರಳುತ್ತ, ಎಲ್ಲರಿಗಿಂತ ಚುರುಕಾಗಿ ಬೆಳೆದ. ಇಪ್ಪತ್ತೊಂದರ ಹರೆಯದಲ್ಲಿ ವೇರೆತ್ ಕಾಡಿನ ಮಾಂತ್ರಿಕರ ಗೋಪುರದಲ್ಲಿ ಪರೀಕ್ಷೆಗೆ ನಿಂತ. ಅದರಲ್ಲಿ ಸೋತವರು ಸಾಯುತ್ತಾರೆ. ಇವನು ಸಾಯಲಿಲ್ಲ. ಆದರೆ ಹೊರಬಂದಾಗ ಚರ್ಮಕ್ಕೆ ಲೋಹದಂಥ ಹೊಂಬಣ್ಣ, ಎದೆ ಹರಿಯುವ ಕೆಮ್ಮು, ಮರಳು ಗಡಿಯಾರದ ಆಕಾರದ ಕಣ್ಣಾಲಿ. ಆ ಕಣ್ಣಿಗೆ ಯಾರನ್ನು ನೋಡಿದರೂ, ಏನನ್ನು ನೋಡಿದರೂ ಕಾಣುವುದು ಮುಪ್ಪು, ಕೊಳೆತ, ಸಾವು.

ಆಮೇಲಿನದು ಹಳೆಯ ಓದುಗರಿಗೆ ಬಾಯಿಪಾಠ. ಕೆಂಪು ನಿಲುವಂಗಿಯ ಈ ಮಾಂತ್ರಿಕ ಕೇಡಿನ ಗುರುತಾದ ಕಪ್ಪು ನಿಲುವಂಗಿ ತೊಡುತ್ತಾನೆ. ಮುಳುಗುತ್ತಿರುವ ಹಡಗಿನಲ್ಲಿ ಅಣ್ಣನನ್ನೂ ಗೆಳೆಯರನ್ನೂ ಬಿಟ್ಟು ತಾನೊಬ್ಬನೇ ಪಾರಾಗುತ್ತಾನೆ. ಕೊನೆಗೆ ದೇವರೇ ಆಗಲು ಹೊರಡುತ್ತಾನೆ. ಅಣ್ಣ ಕುಡಿದು ಕುಡಿದು ಹಾಳಾಗಿ, ಮತ್ತೆ ಎದ್ದು ನಿಂತು, ತಮ್ಮನನ್ನು ತಡೆಯಲು ಕಾಲದ ಹಿಂದಕ್ಕೂ ಮುಂದಕ್ಕೂ ಅಲೆಯುತ್ತಾನೆ. 1986ರ ಒಂದೇ ವರ್ಷದಲ್ಲಿ ಬಂದ ‘ಲೆಜೆಂಡ್ಸ್’ ತ್ರಿವಳಿಯಲ್ಲಿ ಈ ಕಥೆ ಮುಗಿಯುತ್ತದೆ. ಮೂರೂ ಪುಸ್ತಕಗಳ ಹೆಸರಿನಲ್ಲಿ ‘ಟ್ವಿನ್ಸ್’ ಇದೆ.

ಆಟದಿಂದ ಬಂದ ಅಣ್ಣತಮ್ಮಂದಿರು

ಈ ಅವಳಿಗಳು ಹುಟ್ಟಿದ್ದು ಕಾದಂಬರಿಯಲ್ಲಿ ಅಲ್ಲ, ಆಟದಲ್ಲಿ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಆಡುವವರು ಒಂದೊಂದು ಪಾತ್ರ ವಹಿಸುವ ಆಟವನ್ನು ಹೊರತರುತ್ತಿದ್ದ ಟಿ.ಎಸ್.ಆರ್. ಕಂಪನಿ ಇದ್ದದ್ದು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜನೀವಾ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಕೆಲಸ ಸಿಕ್ಕಿ ಯೂಟಾದಿಂದ ಕಾರಿನಲ್ಲಿ ಹೊರಟ ಟ್ರೇಸಿ ಹಿಕ್ಮನ್ ಮತ್ತು ಲಾರಾ ಹಿಕ್ಮನ್ ದಂಪತಿ ದಾರಿಯುದ್ದಕ್ಕೂ ಮಾತಾಡುತ್ತ ಕಟ್ಟಿದ ಕಲ್ಪನೆಯೇ ‘ಡ್ರ್ಯಾಗನ್‌ಲ್ಯಾನ್ಸ್’. ಮಾರ್ಗರೆಟ್ ವೈಸ್ ಆಗ ಅದೇ ಕಂಪನಿಯಲ್ಲಿ ಪುಸ್ತಕ ಸಂಪಾದಕಿ. ಮೊದಲ ಕಾದಂಬರಿ ‘ಡ್ರ್ಯಾಗನ್ಸ್ ಆಫ್ ಆಟಮ್ ಟ್ವಿಲೈಟ್’ ವೈಸ್ ಮತ್ತು ಹಿಕ್ಮನ್ ಜೋಡಿ ಹೆಸರಿನಲ್ಲಿ 1984ರ ನವೆಂಬರಿನಲ್ಲಿ ಬಂತು.

ಆಟದ ನಿಯಮ ಬಲ್ಲವರಿಗೆ ಅಣ್ಣತಮ್ಮಂದಿರ ಸಂಬಂಧದ ಅಸ್ಥಿಪಂಜರ ಥಟ್ಟನೆ ಕಾಣುತ್ತದೆ. ಆ ಕಾಲದ ಆಟದಲ್ಲಿ ಮಾಂತ್ರಿಕನಿಗೆ ಕವಚ ತೊಡುವ ಹಾಗಿಲ್ಲ, ಖಡ್ಗ ಹಿಡಿಯುವ ಹಾಗಿಲ್ಲ. ಒಂದೆರಡು ಏಟಿಗೇ ಕುಸಿಯುತ್ತಾನೆ. ಒಮ್ಮೆ ಹೇಳಿದ ಮಂತ್ರ ಮನಸ್ಸಿನಿಂದ ಅಳಿಸಿಹೋಗುತ್ತದೆ, ಮರುದಿನ ಪುಸ್ತಕ ತೆರೆದು ಮತ್ತೆ ಉರು ಹೊಡೆಯಬೇಕು. ಮಂತ್ರದ ಈ ಕಲ್ಪನೆಯನ್ನು ಆಟ ಕಟ್ಟಿದವರು ಜಾಕ್ ವ್ಯಾನ್ಸ್ ಎಂಬ ಲೇಖಕನ ಕಥೆಗಳಿಂದ ಎತ್ತಿಕೊಂಡಿದ್ದರು. ಇಂಥ ಮಾಂತ್ರಿಕ ಬದುಕಿ ಉಳಿಯಬೇಕಾದರೆ ಅವನ ಮುಂದೆ ಗೋಡೆಯ ಹಾಗೆ ಒಬ್ಬ ಯೋಧ ನಿಲ್ಲಬೇಕು. ಆಟದ ಈ ಅನಿವಾರ್ಯವನ್ನೇ ವೈಸ್ ಒಡಹುಟ್ಟಿದವರ ನೋವಾಗಿ ಬದಲಾಯಿಸಿದರು. ಒಬ್ಬನಿಗೆ ಆಸರೆ ಬೇಕು, ಆಸರೆ ಬೇಕಾದದ್ದಕ್ಕೇ ಅವನಿಗೆ ಸಿಟ್ಟು. ಇನ್ನೊಬ್ಬನಿಗೆ ಆಸರೆ ಕೊಡುವುದು ಬಿಟ್ಟು ಬೇರೆ ಬದುಕೇ ಇಲ್ಲ.

ರೈಸ್ಟ್ಲಿನ್‌ನ ಪಿಸುದನಿಯೂ ಆಟದಿಂದಲೇ ಬಂದದ್ದು. ಹಿಕ್ಮನ್ ಮನೆಯಲ್ಲಿ ಆಟವನ್ನು ಪರೀಕ್ಷೆಗೆ ಹಚ್ಚಿದಾಗ ಟೆರಿ ಫಿಲಿಪ್ಸ್ ಎಂಬ ಗೆಳೆಯ ಆ ಪಾತ್ರ ವಹಿಸಿ, ಗಂಟಲಲ್ಲಿ ಗೀರುವಂಥ ದನಿಯಲ್ಲಿ ಮಾತಾಡಿದನಂತೆ. ಪಾತ್ರ ಅಲ್ಲೇ ನಿಂತಿತು.

ಹೊಂಬಣ್ಣದ ಚರ್ಮ, ಮರಳು ಗಡಿಯಾರದ ಕಣ್ಣು ಇವೆಲ್ಲ ಪಾತ್ರದ ವಿವರಣೆಯಲ್ಲಿ ಮೊದಲೇ ಇದ್ದವು. ಯಾಕೆ ಹಾಗೆ ಎಂಬುದಕ್ಕೆ ಕಾರಣ ಇರಲಿಲ್ಲ. ಆ ಕಾರಣ ಹುಡುಕುತ್ತ ವೈಸ್ ಬರೆದ ‘ದಿ ಟೆಸ್ಟ್ ಆಫ್ ದಿ ಟ್ವಿನ್ಸ್’ ಎಂಬ ಸಣ್ಣಕಥೆ 1984ರ ಮಾರ್ಚಿನ ‘ಡ್ರ್ಯಾಗನ್’ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. (ಎರಡು ವರ್ಷದ ನಂತರ ಬಂದ ಕಾದಂಬರಿಯೊಂದಕ್ಕೂ ಅದೇ ಹೆಸರಿಟ್ಟು ಓದುಗರನ್ನು ಗೊಂದಲಕ್ಕೆ ತಳ್ಳಿದ್ದು ಬೇರೆ ಮಾತು.) ತಾರೀಖುಗಳನ್ನು ಗಮನಿಸಿ. ಮೊದಲ ಕಾದಂಬರಿಗಿಂತ ಎಂಟು ತಿಂಗಳು ಮೊದಲೇ ಪೂರ್ವಕಥೆ ಬಂದಿತ್ತು. ‘ಜನಪ್ರಿಯ ಪಾತ್ರವನ್ನು ಮತ್ತೊಮ್ಮೆ ಹಿಂಡಿ ಕಾಸು ಮಾಡಿಕೊಳ್ಳಲು ಬಾಲ್ಯದ ಕಥೆ ಬರೆದರು’ ಎಂಬ ದೂರು ‘ಸೋಲ್‌ಫೋರ್ಜ್’ ವಿಚಾರದಲ್ಲಿ ಆಗಾಗ ಕೇಳಿಬರುತ್ತದೆ. 1997ರಲ್ಲಿ ಟಿ.ಎಸ್.ಆರ್. ಮುಳುಗುವ ಹಂತಕ್ಕೆ ಬಂದು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಪಾಲಾದದ್ದು, ಮರುವರ್ಷವೇ ಈ ಪುಸ್ತಕ ಬಂದದ್ದು ನಿಜ. ಆದರೆ ರೈಸ್ಟ್ಲಿನ್‌ನ ವಿಷಯದಲ್ಲಿ ಹಿಂದಿನ ಕಥೆಯೇ ಮೊದಲ ಕಥೆ. ವೈಸ್ ಆ ಪಾತ್ರದೊಳಕ್ಕೆ ಕಾಲಿಟ್ಟದ್ದೇ ‘ಇವನು ಹೀಗೇಕಾದ?’ ಎಂಬ ಬಾಗಿಲಿನಿಂದ.

ಒಪ್ಪಿದವರು, ಮುನಿದವರು

ಪುಸ್ತಕವನ್ನು ಎದೆಗೊತ್ತಿಕೊಂಡವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ಮೈದಾನದಲ್ಲಿ ತಂಡ ಆರಿಸುವಾಗ ಕೊನೆಗೆ ಉಳಿದ ಹುಡುಗರು, ಹುಡುಗಿಯರು. ಜ್ವರ, ದಮ್ಮು, ಪುಸ್ತಕ ಇವುಗಳ ನಡುವೆ ಬೆಳೆದವರು. ಊರ ಹುಡುಗರ ಕೈಲಿ ಪೆಟ್ಟು ತಿಂದ, ಅಣ್ಣನ ನೆರಳಿನಲ್ಲಿ ಕೂತ ರೈಸ್ಟ್ಲಿನ್‌ನಲ್ಲಿ ಅವರಿಗೆ ತಮ್ಮದೇ ಮುಖ ಕಂಡಿತು. ತನಗೆ ಏಟು ಕೊಟ್ಟವರ ಮೇಲೆ ಹಗೆ, ತನ್ನಂತೆಯೇ ಏಟು ತಿನ್ನುವ ಪ್ರಾಣಿಯ ಮೇಲೆ, ದುರ್ಬಲ ಮನುಷ್ಯರ ಮೇಲೆ ಮಮತೆ ಎಂಬ ಅವನ ವಿಚಿತ್ರ ನೀತಿ ಅವರಿಗೆ ಅರ್ಥವಾಗುತ್ತದೆ. ಹಳೆಯ ಕಾದಂಬರಿಗಳಲ್ಲಿ ಒಂದೆರಡು ಕಡೆ ಮಿಂಚಿ ಮಾಯವಾಗುವ ಈ ಕರುಣೆಗೆ ‘ಸೋಲ್‌ಫೋರ್ಜ್’ ಬೇರು ಕೊಡುತ್ತದೆ.

ಈ ಬಳಗ ಮೆಚ್ಚುವ ಭಾಗಗಳಲ್ಲಿ ನನಗೂ ಇಷ್ಟವಾದದ್ದು ಮಾಂತ್ರಿಕರ ಶಾಲೆ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬ್ರಿಟನ್ನಿನಲ್ಲಿ ಬಂದದ್ದು 1997ರ ಜೂನ್‌ನಲ್ಲಿ, ‘ಸೋಲ್‌ಫೋರ್ಜ್’ ಬಂದದ್ದು ಕೆಲವೇ ತಿಂಗಳ ನಂತರ. ಎರಡರಲ್ಲೂ ಮಂತ್ರ ಕಲಿಸುವ ಶಾಲೆಯಿದೆ. ಆದರೆ ರೈಸ್ಟ್ಲಿನ್ ಕಲಿಯುವ ಥಿಯೋಬಾಲ್ಡ್ ಮಾಸ್ತರರ ಶಾಲೆಯಲ್ಲಿ ಬೆರಗೂ ಇಲ್ಲ, ಔತಣವೂ ಇಲ್ಲ. ಕಲ್ಪನೆಯ ಗಾಳಿ ಸೋಕದ ಮಾಸ್ತರು, ಅಕ್ಷರ ತಿದ್ದಿಸುವ ಬೇಸರ, ಅರ್ಥವಾಗದ್ದನ್ನು ಕಂಠಪಾಠ ಮಾಡಿಸುವ ಹಟ, ಕೀಟಲೆಯ ಸಹಪಾಠಿಗಳು. ನಮ್ಮಲ್ಲಿ ಯಾವುದೇ ಶಾಲೆಯಲ್ಲಿ ಓದಿದವರಿಗೂ ಹೊಸದಲ್ಲದ ಜಗತ್ತು. ಹುಡುಗ ಆ ಬೇಸರವನ್ನು ಸಹಿಸಿಕೊಳ್ಳುವುದು ಒಂದೇ ಕಾರಣಕ್ಕೆ: ದಾರಿ ಬೇರೆ ಇಲ್ಲ. ಈ ನಡುವೆ ಅವನು ಜಾತ್ರೆಯಲ್ಲಿ ಕಣ್ಕಟ್ಟಿನವನನ್ನು ನೋಡಿ ಕೈಚಳಕ ಕಲಿಯುತ್ತಾನೆ, ನಾಣ್ಯ ಮಾಯ ಮಾಡಿ ಕಾಸು ಗಳಿಸುತ್ತಾನೆ. ಸುಳ್ಳು ಮಾಯೆಗೆ ಜನ ಚಪ್ಪಾಳೆ ತಟ್ಟುತ್ತಾರೆ, ನಿಜವಾದ ಮಂತ್ರಶಕ್ತಿಗೆ ಹೆದರಿ ದೂರ ಸರಿಯುತ್ತಾರೆ. ಇಷ್ಟನ್ನು ವೈಸ್ ಭಾಷಣವಿಲ್ಲದೆ ತೋರಿಸುತ್ತಾರೆ.

ಇನ್ನು ಮುನಿದವರು. ಅವರ ತಕರಾರಿನಲ್ಲಿ ಹುರುಳಿದೆ. ಮೊದಲ ಕಾದಂಬರಿಯಲ್ಲಿ ರೈಸ್ಟ್ಲಿನ್ ಬೆಂಕಿಯ ಪಕ್ಕ ಟೊಪ್ಪಿಗೆ ಎಳೆದುಕೊಂಡು ಕೂತಾಗ ಅವನು ಏನು ಯೋಚಿಸುತ್ತಿದ್ದಾನೆ ಎಂಬುದು ಗೆಳೆಯರಿಗೂ ತಿಳಿಯದು, ಓದುಗನಿಗೂ ತಿಳಿಯದು. ಆ ಕತ್ತಲೆಯೇ ಪಾತ್ರದ ಬಲ. ಪೂರ್ವಕಥೆ ಕಂದೀಲು ಹಿಡಿದು ಒಳಹೊಕ್ಕಾಗ ಪ್ರತಿ ಗಾಯಕ್ಕೂ ಒಂದೊಂದು ಕಾರಣ ಸಿಗುತ್ತದೆ. ತಾಯಿಯ ಕಾಯಿಲೆಯಿಂದ ಇದು, ಊರ ಹುಡುಗರ ಕಾಟದಿಂದ ಅದು, ಸುಳ್ಳು ದೇವರ ಹೆಸರಿನಲ್ಲಿ ಮನೆಗೆ ಹೊಕ್ಕ ಹೆಂಗಸಿನಿಂದ ಮತ್ತೊಂದು. ಕೂಡಿಸಿದರೆ ರೈಸ್ಟ್ಲಿನ್. ಮನುಷ್ಯನ ಕೇಡಿಗೆ ಹೀಗೆ ಜಮಾಖರ್ಚು ಬರೆಯಬಹುದೇ ಎಂಬುದು ಅವರ ಪ್ರಶ್ನೆ. 1999ರಲ್ಲಿ ‘ಸ್ಟಾರ್ ವಾರ್ಸ್’ನ ಡಾರ್ತ್ ವೇಡರ್‌ನನ್ನು ಪುಟ್ಟ ಹುಡುಗನಾಗಿ ತೆರೆಯ ಮೇಲೆ ತಂದಾಗ ಅದರ ಅಭಿಮಾನಿಗಳು ಕೇಳಿದ್ದೂ ಹೆಚ್ಚುಕಡಿಮೆ ಇದೇ.

ನನ್ನ ಮಟ್ಟಿಗೆ ಈ ಆಕ್ಷೇಪ ಅರ್ಧ ಸರಿ. ರೈಸ್ಟ್ಲಿನ್ ಮೆಚ್ಚಿದ ಹುಡುಗಿ ಅಣ್ಣನ ತೋಳಿನಲ್ಲಿ ಕಾಣಿಸುವ ಪ್ರಸಂಗ ತೀರಾ ಸುಲಭದ್ದು, ಯಾವ ಸಿನಿಮಾದಲ್ಲಾದರೂ ಇರಬಹುದಾದದ್ದು. ಆ ಪುಟಗಳನ್ನು ಕಿತ್ತು ತೆಗೆದರೂ ಪುಸ್ತಕಕ್ಕೆ ನಷ್ಟವಿಲ್ಲ. ಆದರೆ ತಾಯಿಯ ಅಧ್ಯಾಯಗಳು ಹಾಗಲ್ಲ. ಮಗನಿಗೆ ವರವಾಗಿ ಬಂದ ಮಂತ್ರಶಕ್ತಿಯೇ ರೋಸಮನ್‌ಳಲ್ಲಿ ಯಾರೂ ತಿದ್ದದೆ, ಯಾರೂ ಹೆಸರಿಡದೆ ಹುಚ್ಚಾಗಿ ಹರಿದಿದೆ. ಮರ ಬಿದ್ದು ಗಿಲಾನ್ ಸತ್ತ ಮೇಲೆ ಅವಳು ಮತ್ತೆ ಈ ಲೋಕಕ್ಕೆ ಮರಳುವುದಿಲ್ಲ. ಶಿಸ್ತು, ಹತೋಟಿ, ಅಧಿಕಾರಕ್ಕಾಗಿ ರೈಸ್ಟ್ಲಿನ್ ಮುಂದೆ ಏನನ್ನು ಬೇಕಾದರೂ ತೆರಲು ಸಿದ್ಧನಾಗುವುದೇಕೆ ಎಂಬುದನ್ನು ಲೇಖಕಿ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹಾಸಿಗೆಯಲ್ಲಿ ಶೂನ್ಯ ನೋಡುತ್ತ ಮಲಗಿದ ತಾಯಿಯನ್ನು ತೋರಿಸಿ ಸುಮ್ಮನಾಗುತ್ತಾರೆ. ಇಲ್ಲಿ ಕತ್ತಲೆ ಕಡಿಮೆಯಾಗಿಲ್ಲ, ಹೆಚ್ಚಿದೆ.

ಮೂರನೆಯ ಪಂಗಡ ಲೆಕ್ಕಪತ್ರದವರದು. 1989ರಿಂದ ಕಂಪನಿ ಬೇರೆ ಬೇರೆ ಲೇಖಕರಿಂದ ಪೂರ್ವಕಥೆಗಳನ್ನು ಸಾಲಾಗಿ ಬರೆಸಿತು. ಮೊದಲ ಕಾದಂಬರಿ ಶುರುವಾಗುವುದೇ ಐದು ವರ್ಷ ಅಗಲಿದ್ದ ಗೆಳೆಯರು ಸಾಲೆಸ್‌ನ ಹೋಟೆಲಿನಲ್ಲಿ ಸೇರುವುದರಿಂದ. ಆ ಐದು ವರ್ಷದ ಖಾಲಿ ಜಾಗಕ್ಕೆ ಯಾರು ಏನನ್ನು ಬೇಕಾದರೂ ತುಂಬಬಹುದಿತ್ತು, ತುಂಬಿದರು ಕೂಡ. ಅವಳಿಗಳ ಬಾಲ್ಯವೂ ಆ ಪುಸ್ತಕಗಳಲ್ಲಿ ಅಲ್ಲಲ್ಲಿ ಹಣಕಿತ್ತು. ವೈಸ್ ‘ಸೋಲ್‌ಫೋರ್ಜ್’ ಬರೆಯುವಾಗ ಅವನ್ನೆಲ್ಲ ಶಿರಸಾವಹಿಸಲಿಲ್ಲ. ವಿವರಗಳು ತಾಳೆಯಾಗುವುದಿಲ್ಲ ಎಂದು ಕೋಪಿಸಿಕೊಂಡವರು ಈಗಲೂ ಪಟ್ಟಿ ಹಿಡಿದು ಕೂತಿದ್ದಾರೆ. ಈ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಪಾತ್ರಕ್ಕೆ ಉಸಿರು ಕೊಟ್ಟವರೇ ಅದರ ಬಾಲ್ಯ ಬರೆದಾಗ ಉಳಿದವರ ಪಟ್ಟಿ ಹಿಂದೆ ಸರಿಯಬೇಕು.

ಆ ಸಾಲಿನಲ್ಲಿ ಅವಳಿಗಳಿಗೆಂದೇ ಮೀಸಲಾದದ್ದು ಕೆವಿನ್ ಸ್ಟೈನ್ ಬರೆದ ‘ಬ್ರದರ್ಸ್ ಮೆಜೇರ್’, 1990ರದು. ಮೆರೆಕ್ಲಾರ್ ಎಂಬ ಊರಿನಲ್ಲಿ ಬೆಕ್ಕುಗಳು ಮಾಯವಾಗುತ್ತಿವೆ. ಕೂಲಿಗೆ ಕತ್ತಿ ಹಿಡಿಯುವ ಅಣ್ಣ, ಕೆಮ್ಮುವ ತಮ್ಮ, ಜತೆಗೆ ಕೆಂಡರ್ ಎಂಬ ಕುಲದ ತುಂಟನೊಬ್ಬ ಸೇರಿ ಪತ್ತೇದಾರಿಕೆ ನಡೆಸುತ್ತಾರೆ. ಓದುಗರಲ್ಲಿ ಹೆಚ್ಚಿನವರು ಇದನ್ನು ಸಪ್ಪೆ ಎನ್ನುತ್ತಾರೆ, ಕೆಲವರು ಅದರ ವಿಚಿತ್ರಕ್ಕಾಗಿಯೇ ಮೆಚ್ಚುತ್ತಾರೆ. ಬೆಕ್ಕುಗಳ ಕಲ್ಪನೆ ಚೆನ್ನಾಗಿದೆ. ಆದರೆ ಅದೇ ಕಥೆಯಲ್ಲಿ ಅವಳಿಗಳ ಜಾಗದಲ್ಲಿ ಬೇರೆ ಯಾವ ಇಬ್ಬರು ಗೆಳೆಯರನ್ನು ಇಟ್ಟರೂ ನಡೆಯುತ್ತದೆ. ಅಣ್ಣತಮ್ಮಂದಿರ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಕೊರತೆ ಬೇಕೆ?

ಅಣ್ಣನ ಪುಸ್ತಕ

ಎಲ್ಲ ಪಂಗಡದವರೂ ಒಂದಾಗುವ ದೂರು ಒಂದಿದೆ: ‘ಸೋಲ್‌ಫೋರ್ಜ್’ನಲ್ಲಿ ಕ್ಯಾರಮನ್ ಬರೀ ಪೆದ್ದ. ಊಟ, ಹುಡುಗಿಯರು, ತಮ್ಮ, ಈ ಮೂರರಾಚೆ ಅವನ ಬುದ್ಧಿ ಓಡುವುದಿಲ್ಲ. ಹಿಂದಿನ ಪುಸ್ತಕಗಳಲ್ಲಿ ಬೆಳೆದು ಮಾಗಿದ ಅಣ್ಣನನ್ನು ಕಂಡವರಿಗೆ ಇದು ಅನ್ಯಾಯವೆನಿಸುತ್ತದೆ. ನನಗೆ ಇಲ್ಲೇ ಭಿನ್ನಾಭಿಪ್ರಾಯ. ಕಥೆಯ ಕಣ್ಣು ರೈಸ್ಟ್ಲಿನ್‌ನ ಕಡೆಗಿದೆ. ಅವನ ಕಣ್ಣಿಗೆ ಅಣ್ಣ ಕಾಣುವುದೇ ಹೀಗೆ. ಪ್ರೀತಿಸುವವರನ್ನು ಪೆದ್ದರೆಂದು ನೋಡುವುದು ರೈಸ್ಟ್ಲಿನ್‌ನ ದೋಷ. ಓದುಗ ಆ ಕಣ್ಣನ್ನು ನಂಬಿದರೆ ಅವನೂ ಆ ದೋಷದಲ್ಲಿ ಪಾಲುದಾರ.

ಕೊನೆಯ ಭಾಗದ ಪರೀಕ್ಷೆಗೆ ಬನ್ನಿ. 1984ರ ಸಣ್ಣಕಥೆಯಲ್ಲಿ ಬಂದ ಸಂಗತಿಯೇ ಇಲ್ಲಿ ಮತ್ತೆ ಬರುತ್ತದೆ. ಗೋಪುರದೊಳಗೆ ರೈಸ್ಟ್ಲಿನ್ ಜರ್ಜರಿತನಾಗಿ ಬಿದ್ದಿರುವಾಗ ಅವನನ್ನು ಉಳಿಸಲು ಕ್ಯಾರಮನ್‌ನ ಮಾಯಾರೂಪವೊಂದು ಬರುತ್ತದೆ. ಅದು ಮಂತ್ರ ಹಾಕಿ ಅವನನ್ನು ಕಾಪಾಡುತ್ತದೆ. ತನ್ನದೆಂದು ಉಳಿದಿದ್ದ ಒಂದೇ ಒಂದು ವಿದ್ಯೆಯೂ ಅಣ್ಣನಿಗೆ ಸಲೀಸಾಗಿ ಒಲಿದಿದೆ ಎಂದು ಕಂಡ ತಮ್ಮ ಹೊಟ್ಟೆಕಿಚ್ಚಿನಲ್ಲಿ ಆ ರೂಪವನ್ನು ಕೊಂದುಹಾಕುತ್ತಾನೆ. ಮಾಂತ್ರಿಕರ ಮುಖ್ಯಸ್ಥ ಪಾರ್-ಸೇಲಿಯನ್ ಈ ದೃಶ್ಯವನ್ನು ನಿಜವಾದ ಕ್ಯಾರಮನ್ ಕಾಣುವಂತೆ ಮಾಡುತ್ತಾನೆ. ತಮ್ಮ ತನ್ನನ್ನು ಕೊಲ್ಲುವುದನ್ನು ಅಣ್ಣ ನಿಂತು ನೋಡುತ್ತಾನೆ. ನೋಡಿ, ಅವನನ್ನು ಎತ್ತಿಕೊಂಡು ಮನೆಯ ದಾರಿ ಹಿಡಿಯುತ್ತಾನೆ.

ಈಗ ಮೊದಲ ಕಾದಂಬರಿಯನ್ನು ಮತ್ತೆ ತೆರೆಯಿರಿ. ಅಲ್ಲಿ ಕ್ಯಾರಮನ್ ಕೆಮ್ಮುವ ತಮ್ಮನಿಗಾಗಿ ಬಿಸಿನೀರು ಕೇಳಿ, ಗಿಡಮೂಲಿಕೆಯ ಕಷಾಯ ಕದಡಿ ಕೊಡುತ್ತಿರುತ್ತಾನೆ. 1984ರಲ್ಲಿ ಓದಿದವರಿಗೆ ಇದು ಮುಗ್ಧ ಅಣ್ಣನ ಉಪಚಾರ. ‘ಸೋಲ್‌ಫೋರ್ಜ್’ನ ನೂರಾರು ಪುಟಗಳ ಬಾಲ್ಯ ಓದಿ ಬಂದವರಿಗೆ ಆ ಬಟ್ಟಲಿನ ತೂಕವೇ ಬೇರೆ. ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಕಷಾಯ ಕುದಿಸುತ್ತಿದ್ದಾನೆ. ಇಂಥವನನ್ನು ಪೆದ್ದ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಳೆಯ ಪುಸ್ತಕದ ಒಂದಕ್ಷರವನ್ನೂ ಮುಟ್ಟದೆ ಅದರ ಅರ್ಥವನ್ನು ಹೀಗೆ ಕದಲಿಸುವ ಕೆಲಸ ಪೂರ್ವಕಥೆಯಿಂದ ಮಾತ್ರ ಸಾಧ್ಯ. ಹದಿನಾರರಲ್ಲಿ ರೈಸ್ಟ್ಲಿನ್‌ನ ಪಕ್ಷ ವಹಿಸಿದ್ದವರು ನಲವತ್ತು ದಾಟಿದ ಮೇಲೆ, ಮನೆಯಲ್ಲಿ ಯಾರನ್ನೋ ನೋಡಿಕೊಳ್ಳುವ ಹೊಣೆ ಹೊತ್ತ ಮೇಲೆ, ಕ್ಯಾರಮನ್‌ನ ಕಡೆಗೆ ವಾಲುವುದನ್ನು ಕಾಣುತ್ತೇವೆ. ಅಷ್ಟೂ ವರ್ಷ ಓದುಗರ ಜತೆ ನಡೆದು ಬಂದ ಪುಸ್ತಕಕ್ಕೆ ಸಿಗುವ ಮರ್ಯಾದೆ ಇದು.

‘ಕೊನೆ ಗೊತ್ತಿದ್ದ ಮೇಲೆ ಓದುವುದೇನು?’ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳದಿರುವುದು ಕನ್ನಡದವನಾದ್ದರಿಂದಲೂ ಇರಬಹುದು. ಗಮಕ ಕೇಳಲು ಕೂತವರಲ್ಲಿ ಕರ್ಣ ಉಳಿದಾನು ಎಂದು ನಂಬಿ ಬಂದವರು ಯಾರು? 941ರಲ್ಲಿ ಪಂಪ ‘ಆದಿಪುರಾಣ’ ಬರೆದಾಗ ಭರತ ಬಾಹುಬಲಿಯರ ಕಾಳಗದ ಫಲಿತಾಂಶ ಜೈನ ಶ್ರಾವಕರಿಗೆ ಗೊತ್ತೇ ಇತ್ತು. ಆದರೂ ಅವನು ಹಿಂದಿನ ಭವಗಳಿಂದ ಹಿಡಿದು, ಜನ್ಮದಿಂದ ಜನ್ಮಕ್ಕೆ ನಡೆಸಿ, ಆ ಅಣ್ಣತಮ್ಮಂದಿರ ಮುಂದೆ ತಂದು ನಿಲ್ಲಿಸಿದ. 2022ರ ‘ಕಾಂತಾರ’ ನೋಡಿದವರೇ 2025ರಲ್ಲಿ ಅದರ ಪೂರ್ವಕಥೆಗೆ ಚಿತ್ರಮಂದಿರ ತುಂಬಿದರು. ಏನಾಗುತ್ತದೆ ಎಂಬ ಕುತೂಹಲ ಒಂದು ಓದಿಗೆ ಸಾಕು. ಹೇಗಾಯಿತು ಎಂಬುದು ಅಷ್ಟಕ್ಕೆ ಮುಗಿಯುವುದಿಲ್ಲ.

ಬಾರದ ಮೂರನೆಯ ಸಂಪುಟ

ವೈಸ್ 1999ರಲ್ಲಿ ಡಾನ್ ಪೆರಿನ್ ಜತೆಗೂಡಿ ಎರಡನೆಯ ಸಂಪುಟ ‘ಬ್ರದರ್ಸ್ ಇನ್ ಆರ್ಮ್ಸ್’ ತಂದರು. ಪರೀಕ್ಷೆ ಮುಗಿಸಿದ ಅವಳಿಗಳು ಲ್ಯಾಂಗ್‌ಟ್ರೀ ಪ್ರಾಂತದ ದೊರೆಯ ಬಾಡಿಗೆ ಸೈನ್ಯ ಸೇರುತ್ತಾರೆ. ಪೆರಿನ್ ಕೆನಡಾದ ಸೇನೆಯಲ್ಲಿ ಇದ್ದವರು, ಅದರ ಗುರುತು ಪುಟಪುಟದಲ್ಲಿದೆ: ಕವಾಯತು, ಬೈಗುಳ, ಗುಂಡಿ ತೋಡುವುದು, ಅಡುಗೆ ಬಿಡಾರ. ‘ಮಂತ್ರ ಕಮ್ಮಿ, ಮಿಲಿಟರಿ ಜಾಸ್ತಿ’ ಎಂದು ಗೊಣಗಿದ ಓದುಗರಿದ್ದಾರೆ. ಆದರೂ ಹಾರ್ಕಿನ್ ಎಂಬ ಒರಟು ದಂಡಿನ ಮಾಂತ್ರಿಕನನ್ನು ಯಾರೂ ಬಿಟ್ಟುಕೊಡುವುದಿಲ್ಲ. ಪುಸ್ತಕದ ಪಾಂಡಿತ್ಯ ಅಷ್ಟಕ್ಕಷ್ಟೇ ಇರುವ ಈ ಮನುಷ್ಯ ರೈಸ್ಟ್ಲಿನ್‌ನ ಅಹಂಕಾರವನ್ನು ಗೇಲಿ ಮಾಡಿಯೇ ಇಳಿಸುತ್ತಾನೆ. ಥಿಯೋಬಾಲ್ಡ್ ಕಲಿಸದ್ದನ್ನು ಇವನು ಕಲಿಸುತ್ತಾನೆ. ಇಂಥ ಮಾಸ್ತರು ಹತ್ತು ವರ್ಷ ಮೊದಲು ಸಿಕ್ಕಿದ್ದರೆ ಕ್ರಿನ್ ಲೋಕದ ಚರಿತ್ರೆಯೇ ಬೇರೆಯಾಗುತ್ತಿತ್ತು ಎನ್ನಿಸದಿರದು.

ಅಲ್ಲಿಗೆ ಈ ಸರಣಿ ನಿಂತಿತು. ಮೂರನೆಯ ಸಂಪುಟ ಬರಲಿಲ್ಲ. 2009ರ ‘ಡ್ರ್ಯಾಗನ್ಸ್ ಆಫ್ ದಿ ಅವರ್‌ಗ್ಲಾಸ್ ಮೇಜ್’ ರೈಸ್ಟ್ಲಿನ್‌ನ ಬದುಕಿನ ಇನ್ನೊಂದು ಬಿಟ್ಟ ಸ್ಥಳ ತುಂಬಿತಾದರೂ ಅದು ಬಾಲ್ಯದ ಕಥೆಯಲ್ಲ. ಲೇಖಕರಿಗೂ ಹಕ್ಕು ಹೊಂದಿದ ಕಂಪನಿಗೂ 2020ರಲ್ಲಿ ನ್ಯಾಯಾಲಯದ ಜಟಾಪಟಿ ನಡೆದು, ಅದೇ ವರ್ಷ ತಣ್ಣಗಾಗಿ, 2022ರಿಂದ ವೈಸ್ ಮತ್ತು ಹಿಕ್ಮನ್ ಹೊಸ ತ್ರಿವಳಿ ಬರೆದರು. ಈ ನಡುವೆ ಪಾತ್ರ ಪುಸ್ತಕದ ಗಡಿ ದಾಟಿತ್ತು. 2008ರ ಅನಿಮೇಷನ್ ಚಿತ್ರದಲ್ಲಿ ಕೀಫರ್ ಸದರ್‌ಲ್ಯಾಂಡ್ ಅವನಿಗೆ ದನಿಯಾದರು. ಚಿತ್ರ ಮಾತ್ರ ಸಾಧಾರಣಕ್ಕಿಂತ ಕೆಳಗೆ. ರಷ್ಯಾದಲ್ಲಿ ಅಭಿಮಾನ ಎಷ್ಟು ಗಾಢವಾಯಿತೆಂದರೆ ಆಂಟನ್ ಕ್ರುಗ್ಲೋವ್ ಮತ್ತು ಎಲೆನಾ ಖನ್‌ಪಿರಾ ಅವಳಿಗಳ ಕಥೆಯನ್ನು ‘ಕೊನೆಯ ಪರೀಕ್ಷೆ’ ಎಂಬ ಅರ್ಥದ ಹೆಸರಿನ ಸಂಗೀತ ನಾಟಕವಾಗಿಸಿದರು.

ಓದಲು ಮನಸ್ಸು ಮಾಡಿದವರಿಗೆ ಒಂದು ಮಾತು. ಕಾಲಾನುಕ್ರಮ ನೋಡಿ ‘ಸೋಲ್‌ಫೋರ್ಜ್’ನಿಂದ ಶುರುಮಾಡಿ ಎನ್ನುವವರ ಮಾತು ಕೇಳಬೇಡಿ. ಮೊದಲು ‘ಆಟಮ್ ಟ್ವಿಲೈಟ್’ನಿಂದ ಶುರುವಾಗುವ ‘ಕ್ರಾನಿಕಲ್ಸ್’ನ ಮೂರು ಕಾದಂಬರಿ, ಆಮೇಲೆ ‘ಲೆಜೆಂಡ್ಸ್’ನ ಮೂರು, ಅನಂತರ ‘ಸೋಲ್‌ಫೋರ್ಜ್’. ಆರು ಪುಸ್ತಕಕ್ಕೆ ಪುರುಸೊತ್ತಿಲ್ಲದಿದ್ದರೆ ‘ಆಟಮ್ ಟ್ವಿಲೈಟ್’ ಒಂದನ್ನಾದರೂ ಓದಿ ಇದಕ್ಕೆ ಬನ್ನಿ. ‘ಬ್ರದರ್ಸ್ ಇನ್ ಆರ್ಮ್ಸ್’ ಓದುವುದಾದರೆ ಹಾರ್ಕಿನ್‌ಗಾಗಿ ಓದಿ. ‘ಬ್ರದರ್ಸ್ ಮೆಜೇರ್’ ಬಿಟ್ಟರೂ ನಡೆಯುತ್ತದೆ, ಬೆಕ್ಕು ಸಾಕಿದವರ ಮಾತು ಬೇರೆ.